ಬರೀ ಸಲಹೆ ಕೊಡೋದಕ್ಕೆ ನಾವು ಯಾಕೆ ಬೇಕು?

(ಧರ್ಮಕೇಂದ್ರಗಳ, ಅಂದರೆ ಒಂದೊಂದು ಚರ್ಚಿಗೆ ಸೇರಿದ ಸಮುದಾಯಗಳ, ಪಾಲನಾ ಸಮಿತಿಗೆ ಹೊಸದಾಗಿ ಬಂದ ಸದಸ್ಯರಿಗಾಗಿ ಚಿಕ್ಕಮಗಳೂರಿನಲ್ಲಿ ನಡೆದ ಒಂದು ದಿನದ ತರಬೇತಿಯಲ್ಲಿ ಆಡಿದ ಮಾತುಗಳ ಬರಹ ರೂಪ)

ಬೆಳಿಗ್ಗೆ ಟೀ ಕುಡಿಯುವಾಗ ನಿಮ್ಮಲ್ಲೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು. ‘ಟೀಚರ್, ಚರ್ಚಿನ ನಮ್ಮ ವಾರ್ಡಿನವರು ನನ್ನನ್ನ ಆರಿಸಿ ಕಳಿಸಿದ್ದಾರೆ. ಆದ್ರೆ ಫಾದರ್ ಹೇಳಿದ್ದೇ ಕೊನೆ ಅಂತೆ, ನಾವು ಬರೀ ಸಲಹೆ ಕೊಡಬಹುದಂತೆ. ಹಾಗಿದ್ಮೇಲೆ ಭಾನುವಾರ ಮಧ್ಯಾಹ್ನ ಊಟ ಬಿಟ್ಟು ಬಂದು ಕೂರೋದು ಯಾಕೆ?’

ನಾನು ಬರೆದುಕೊಂಡು ಬಂದಿದ್ದ ಮೊದಲ ಎರಡು ಹಾಳೆಯನ್ನು ಅಲ್ಲೇ ಮಡಚಿ ಬ್ಯಾಗಿಗೆ ಹಾಕಿದೆ. ಇವತ್ತು ಇವರ ಪ್ರಶ್ನೆಯನ್ನೇ ಹಿಡಿದು ಮಾತಾಡೋಣ ಅನ್ನಿಸಿತು.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಅವರು ಕೇಳಿದ್ದು ಸರಿ. ನಮ್ಮ ಕಥೋಲಿಕ ಧರ್ಮಸಭೆಯ ಕಾನೂನು ಪುಸ್ತಕ ಈಗಿನ ರೂಪದಲ್ಲಿ ಹೊರಬಂದದ್ದು 1983ರಲ್ಲಿ. ಅದರಲ್ಲಿ 1752 ವಿಧಿಗಳಿವೆ. ಅಷ್ಟರಲ್ಲಿ ಧರ್ಮಕೇಂದ್ರದ ಪಾಲನಾ ಸಮಿತಿಗೆ ಅಂತ ಸಿಕ್ಕಿರುವುದು ಒಂದೇ ಒಂದು ವಿಧಿ, 536. ಅದೂ ಎರಡು ಸಣ್ಣ ಪ್ಯಾರಾ. ಬಿಷಪರು ತಮ್ಮ ಫಾದರುಗಳ ಪರಿಷತ್ತನ್ನು ಕೇಳಿ, ಒಳ್ಳೆಯದು ಅನ್ನಿಸಿದರೆ, ಪ್ರತಿ ಧರ್ಮಕೇಂದ್ರದಲ್ಲೂ ಇಂಥ ಸಮಿತಿ ಇರಬೇಕು. ಅದರ ಅಧ್ಯಕ್ಷರು ಅಲ್ಲಿನ ಧರ್ಮಗುರು. ಸಮಿತಿಗಿರುವುದು ಸಲಹೆ ಕೊಡುವ ಮತ ಮಾತ್ರ. ಬಿಷಪರು ಹಾಕಿಕೊಟ್ಟ ನಿಯಮದಂತೆ ಅದು ನಡೆಯಬೇಕು. ಮುಗೀತು.

ಹಾಗಾಗಿ ಇದನ್ನು ಗ್ರಾಮ ಪಂಚಾಯಿತಿ ಅಂದುಕೊಂಡು ಬಂದವರು ಇದ್ದರೆ ಆ ಆಸೆ ಈಗಲೇ ಬಿಟ್ಟುಬಿಡಿ. ಇಲ್ಲಿ ಬಹುಮತ ಇಲ್ಲ, ಅವಿಶ್ವಾಸ ಮಂಡನೆ ಇಲ್ಲ, ಕೈ ಎತ್ತಿ ಫಾದರನ್ನು ಸೋಲಿಸುವುದಂತೂ ಇಲ್ಲವೇ ಇಲ್ಲ. ಕೆಲವರು ನಗುತ್ತಿದ್ದೀರಿ, ಯಾರ ಮನಸ್ಸಿನಲ್ಲಿ ಏನಿತ್ತು ಅಂತ ಗೊತ್ತಾಯಿತು ಬಿಡಿ.

ಆದರೆ ಸಲಹೆ ಅಂದರೆ ಏನು? ಅದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ. ಒಂದು ಬಸ್ಸಿನ ಟೈಮಿನಿಂದ ಕಲಿತೆ.

ನಮ್ಮದು ಸಕಲೇಶಪುರ ಕಡೆಯ ಒಂದು ಧರ್ಮಕೇಂದ್ರ. ಪೇಟೆಯಲ್ಲಿ ಒಂದಷ್ಟು ಮನೆ, ಉಳಿದವರು ಸುತ್ತಲಿನ ಕಾಫಿ ತೋಟಗಳ ಲೈನುಗಳಲ್ಲಿ, ಅಂದರೆ ಕೆಲಸದವರ ಸಾಲುಮನೆಗಳಲ್ಲಿ. ನಾನು ಆಗ ಸಮಿತಿಯ ಕಾರ್ಯದರ್ಶಿ. ಭಾನುವಾರ ಎರಡು ಪೂಜೆ ಇತ್ತು, ಎರಡಕ್ಕೂ ಜನ ಅರ್ಧರ್ಧ. ಎರಡನ್ನೂ ಸೇರಿಸಿ ಬೆಳಿಗ್ಗೆ ಏಳೂವರೆಗೆ ಒಂದೇ ಪೂಜೆ ಇಡೋಣ ಅಂತ ಸಭೆಯಲ್ಲಿ ಮಾತು ಬಂತು. ಫಾದರಿಗೂ ಅನುಕೂಲ, ಹಾಡುವವರಿಗೂ ಅನುಕೂಲ, ಪೇಟೆಯವರಿಗೆ ಪೂಜೆ ಮುಗಿಸಿ ಮಾಂಸದಂಗಡಿಗೆ ಹೋಗುವುದಕ್ಕೂ ಅನುಕೂಲ. ಹತ್ತು ನಿಮಿಷದಲ್ಲಿ ಎಲ್ಲರೂ ಒಪ್ಪಿದರು. ನಾನು ಮಿನಿಟ್ಸ್ ಪುಸ್ತಕದಲ್ಲಿ ‘ಸರ್ವಾನುಮತದಿಂದ’ ಅಂತ ಬರೆದೂ ಆಗಿತ್ತು.

ಬಾಗಿಲ ಹತ್ತಿರದ ಬೆಂಚಿನಲ್ಲಿ ತೋಟದ ಲೈನಿನಿಂದ ಬರುತ್ತಿದ್ದ ಒಬ್ಬ ಹೆಂಗಸು ಕೂತಿದ್ದರು. ಹಿಂದಿನ ಮೂರು ಸಭೆಗೂ ಬಂದಿದ್ದರು, ಒಂದು ಮಾತು ಆಡಿರಲಿಲ್ಲ. ಅವತ್ತು ಎಲ್ಲರೂ ಏಳುವ ಹೊತ್ತಿಗೆ ನನ್ನ ಕಡೆ ನೋಡಿ ಮೆಲ್ಲಗೆ, ‘ಟೀಚರಮ್ಮ, ನಮ್ ಕಡೆಯಿಂದ ಮೊದ್ಲು ಬಸ್ಸು ಬರೋದೇ ಎಂಟೂ ಹತ್ತಕ್ಕೆ ಅಲ್ವಾ’ ಅಂದರು. ಅಷ್ಟೇ. ದೂರಲಿಲ್ಲ, ವಾದ ಮಾಡಲಿಲ್ಲ.

ಎದ್ದವರೆಲ್ಲ ಮತ್ತೆ ಕೂತರು. ಒಂದೊಂದಾಗಿ ಕೇಳುತ್ತಾ ಹೋದಂತೆ ಗೊತ್ತಾಯಿತು, ಆ ಒಂದು ಬಸ್ಸನ್ನು ನೆಚ್ಚಿಕೊಂಡ ಮನೆಗಳು ಹನ್ನೊಂದು. ಅಷ್ಟೇ ಅಲ್ಲ, ಜನವರಿ ಬಂತು ಅಂದರೆ ಅವರಿಗೆ ಆ ಬಸ್ಸೂ ಇಲ್ಲ. ಕೊಯ್ಲಿನ ಕಾಲ, ಕೆ.ಜಿ. ಲೆಕ್ಕದಲ್ಲಿ ಹಣ್ಣು ಕೊಯ್ಯುತ್ತಾರೆ, ವರ್ಷದಲ್ಲಿ ನಾಲ್ಕು ಕಾಸು ಜಾಸ್ತಿ ಕೈಗೆ ಸಿಗುವುದು ಆಗಲೇ, ಅದರಲ್ಲಿ ಒಂದು ಭಾನುವಾರ ಬಿಟ್ಟರೂ ಲೆಕ್ಕ ತಪ್ಪುತ್ತದೆ. ನಾವು ಪೇಟೆಯವರು ಅಲ್ಲಿಯವರೆಗೆ ಏನಂದುಕೊಂಡಿದ್ದೆವು ಗೊತ್ತಾ? ಚಳಿಗೆ ಬರುತ್ತಿಲ್ಲ ಅಂತ. ಭಕ್ತಿ ಕಮ್ಮಿ ಅಂತ ಒಬ್ಬರು ಹೇಳಿದ್ದೂ ಉಂಟು.

ಫಾದರ್ ಸುಮ್ಮನೆ ಕೇಳುತ್ತಿದ್ದರು. ಆಮೇಲೆ ಅವರೇ ಹೇಳಿದರು, ಹಿಂದಿನ ದಿನ ಸಾಯಂಕಾಲದ ಪೂಜೆಗೆ ಹೋದರೂ ಭಾನುವಾರ ಪೂಜೆಗೆ ಬರಲೇಬೇಕು ಅನ್ನುವ ಕಡ್ಡಾಯ ತೀರುತ್ತದೆ ಅಂತ 1248ನೇ ವಿಧಿಯಲ್ಲಿದೆ, ಕೊಯ್ಲು ಮುಗಿಯುವ ತನಕ ಶನಿವಾರ ಸಂಜೆ ನಾನೇ ತೋಟಕ್ಕೆ ಬರುತ್ತೇನೆ. ಏಳೂವರೆಯ ಪೂಜೆ ಒಂಬತ್ತಕ್ಕೆ ಹೋಯಿತು. ನಾನು ‘ಸರ್ವಾನುಮತದಿಂದ’ ಅನ್ನುವುದರ ಮೇಲೆ ಗೀಟು ಎಳೆದೆ. ಆ ಪುಟ ಈಗಲೂ ಹಾಗೇ ಇದೆ, ಯಾರು ಬೇಕಾದರೂ ನೋಡಬಹುದು.

ಮೊದಲ ಶನಿವಾರ ನಾನೂ ಹೋಗಿದ್ದೆ. ತೋಟದ ಮಾಲೀಕರು ಕಾಫಿ ಒಣಗಿಸುವ ಕಣ ಬಿಟ್ಟುಕೊಟ್ಟಿದ್ದರು. ಅರ್ಧ ಒಣಗಿದ ಕಾಫಿಯನ್ನು ಒಂದು ಮೂಲೆಗೆ ಎಳೆದು ಟಾರ್ಪಾಲು ಹೊದಿಸಿದ್ದರು, ಸಿಪ್ಪೆಯ ಹುಳಿ ವಾಸನೆ ಇಡೀ ಪೂಜೆಯುದ್ದಕ್ಕೂ ಮೂಗಿಗೆ ಹೊಡೆಯುತ್ತಿತ್ತು. ಹೆಂಗಸರು ಕೆಲಸದ ಬಟ್ಟೆಯ ಮೇಲೇ ಒಂದೊಂದು ಸೀರೆ ಸುತ್ತಿಕೊಂಡು ಬಂದಿದ್ದರು. ಬೆರಳುಗಳೆಲ್ಲ ಕಪ್ಪಗೆ, ಕಾಫಿ ಹಣ್ಣಿನ ಅಂಟು ತೊಳೆದರೆ ಹೋಗುವಂಥದ್ದಲ್ಲ. ಪರಮಪ್ರಸಾದಕ್ಕೆ ಕೈ ಚಾಚುವಾಗ ಕೆಲವರು ನಾಚಿಕೊಂಡು ಕೈ ಸೀರೆಗೆ ಒರೆಸಿಕೊಳ್ಳುತ್ತಿದ್ದರು. ನಾನು ಮೂವತ್ತು ವರ್ಷ ಅದೇ ಊರಿನಲ್ಲಿ ಪಾಠ ಮಾಡಿದವಳು. ಅವರಲ್ಲಿ ಎಷ್ಟೋ ಜನರ ಮಕ್ಕಳು ನನ್ನ ಕ್ಲಾಸಿನಲ್ಲೇ ಕೂತಿದ್ದರು. ಆ ಬಸ್ಸಿನ ಟೈಮು ನನಗೆ ಗೊತ್ತಿರಲಿಲ್ಲ.

ಈಗ ಟೀ ಹೊತ್ತಿನ ಪ್ರಶ್ನೆಗೆ ವಾಪಸ್ ಬರೋಣ. ಆ ಹೆಂಗಸಿಗೆ ಇದ್ದದ್ದು ಸಲಹೆಯ ಮತ ಮಾತ್ರ. ನಮಗೆಲ್ಲರಿಗೂ ಅಷ್ಟೇ. ಆದರೆ ಫಾದರಿಗೆ ಗೊತ್ತಿಲ್ಲದ, ಗೊತ್ತಾಗುವ ದಾರಿಯೂ ಇಲ್ಲದ ಒಂದು ವಿಷಯ ಆಕೆಯ ಹತ್ತಿರ ಇತ್ತು. ನೀವು ತರುವ ಸುದ್ದಿಯಲ್ಲಿ ಹುರುಳಿದ್ದರೆ ನಿಮ್ಮ ಸಲಹೆಗೂ ತೂಕ ಬರುತ್ತದೆ. ಸುದ್ದಿ ಇಲ್ಲದೆ ಬರೀ ಅಭಿಪ್ರಾಯ ಹೊತ್ತುಕೊಂಡು ಬಂದರೆ, ನಿಜ ಹೇಳಬೇಕು ಅಂದರೆ, ಮನೆಯಲ್ಲಿ ಊಟ ಮಾಡಿಕೊಂಡು ಇರುವುದೇ ವಾಸಿ.

ಆಕೆ ಮೂರು ಸಭೆ ಯಾಕೆ ಸುಮ್ಮನಿದ್ದರು ಅಂತ ನಾನು ಆಮೇಲೆ ಕೇಳಿದೆ. ಉತ್ತರ ಸರಳ. ಮಾತೆಲ್ಲ ಕೊಂಕಣಿಯಲ್ಲಿ ಆಗುತ್ತಿತ್ತು. ನಮ್ಮ ಕಡೆಯ ಚರ್ಚುಗಳ ಸಂಗತಿ ನಿಮಗೇ ಗೊತ್ತಲ್ಲ, ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದವರು ಕೊಂಕಣಿ, ಹಳೆಯ ಊರುಗಳವರು ಕನ್ನಡ, ತೋಟಕ್ಕೆ ಬಂದವರಲ್ಲಿ ತಮಿಳು ಜಾಸ್ತಿ, ಅಲ್ಲಲ್ಲಿ ಮಲಯಾಳ. ಮಿನಿಟ್ಸ್ ಮಾತ್ರ ಕನ್ನಡದಲ್ಲಿ. ಬಿಸಿಬಿಸಿ ಚರ್ಚೆ ಶುರುವಾದರೆ ನಾವು ಕೊಂಕಣಿಗರು ನಮಗೇ ಗೊತ್ತಿಲ್ಲದಂತೆ ಕೊಂಕಣಿಗೆ ಜಾರುತ್ತೇವೆ. ಬೇಕಂತ ಅಲ್ಲ. ಆದರೆ ಬಾಗಿಲ ಹತ್ತಿರ ಕೂತವರಿಗೆ ಅದು ಬೇಕಂತ ಮಾಡಿದ ಹಾಗೇ ಕಾಣುತ್ತದೆ. ಆವತ್ತಿನಿಂದ ನಮ್ಮಲ್ಲಿ ಒಂದು ಪದ್ಧತಿ ಮಾಡಿಕೊಂಡೆವು, ಸಭೆಯಲ್ಲಿ ಯಾರು ಕನ್ನಡ ಬಿಟ್ಟರೂ ಪಕ್ಕದವರು ಮೇಜು ತಟ್ಟುವುದು. ಮೊದಮೊದಲು ಫಾದರಿಗೇ ಜಾಸ್ತಿ ತಟ್ಟಬೇಕಾಗುತ್ತಿತ್ತು.

ಸ್ವಲ್ಪ ಹಳೆಯ ಕತೆಗೆ ಹೋಗೋಣ. ಇದೆಲ್ಲ ಎಲ್ಲಿಂದ ಬಂತು? ರೋಮಿನಲ್ಲಿ 1962ರಿಂದ 1965ರವರೆಗೆ ಲೋಕದ ಬಿಷಪರೆಲ್ಲ ಸೇರಿದ ದ್ವಿತೀಯ ವ್ಯಾಟಿಕನ್ ಮಹಾಸಭೆ ನಡೆಯಿತು. ಮೈಸೂರು ಧರ್ಮಕ್ಷೇತ್ರದಿಂದ (ಧರ್ಮಕ್ಷೇತ್ರ ಅಂದರೆ ಒಬ್ಬ ಬಿಷಪರ ಕೈಕೆಳಗಿನ ಪ್ರದೇಶ) ಒಡೆದು ನಮ್ಮ ಚಿಕ್ಕಮಗಳೂರು ಧರ್ಮಕ್ಷೇತ್ರ ಹುಟ್ಟಿದ್ದು 1963ರ ನವೆಂಬರ್ 16ರಂದು, ಅಂದರೆ ಆ ಮಹಾಸಭೆ ಅಲ್ಲಿ ಇನ್ನೂ ನಡೆಯುತ್ತಿದ್ದಾಗಲೇ. ನಾವೂ ಅದೂ ಒಂದೇ ಕಾಲದ ಕೂಸುಗಳು ಅಂತ ನಾನು ತಮಾಷೆ ಮಾಡುವುದುಂಟು. 1965ರ ನವೆಂಬರ್ 18ರಂದು ಶ್ರೀಸಾಮಾನ್ಯರ, ಅಂದರೆ ಫಾದರ್, ಸಿಸ್ಟರ್ ಅಲ್ಲದ ನಮ್ಮಂಥವರ, ಕೆಲಸದ ಬಗ್ಗೆಯೇ ಒಂದು ದಾಖಲೆ ಹೊರಬಂತು. ಅದರ 26ನೇ ಕಂಡಿಕೆ, ಗುರುಗಳು, ಸಿಸ್ಟರುಗಳು, ಶ್ರೀಸಾಮಾನ್ಯರು ಕೂಡಿ ಕೂರುವ ಸಮಿತಿಗಳು ಧರ್ಮಕ್ಷೇತ್ರ ಮಟ್ಟದಲ್ಲಿರಲಿ, ಆದಷ್ಟು ಮಟ್ಟಿಗೆ ಧರ್ಮಕೇಂದ್ರದಲ್ಲೂ ಇರಲಿ ಅನ್ನುತ್ತದೆ. ಅದೇ ದಾಖಲೆಯ 10ನೇ ಕಂಡಿಕೆ ನನಗೆ ಇನ್ನೂ ಇಷ್ಟ. ನಿಮ್ಮ ಕಷ್ಟ, ಲೋಕದ ಕಷ್ಟ ಎರಡನ್ನೂ ಸಮುದಾಯದ ಮುಂದೆ ತಂದಿಡಿ, ಎಲ್ಲರೂ ಸೇರಿ ನೋಡೋಣ ಅನ್ನುವ ಮಾತು ಅಲ್ಲಿದೆ. ಬಸ್ಸಿನ ಟೈಮು ಲೋಕದ ಕಷ್ಟ ಅಲ್ಲವಾ?

ಅದಕ್ಕೂ ಮುಂಚೆ ಜನ ಸುಮ್ಮನೆ ಕೂತಿದ್ದರು ಅಂತಲ್ಲ. ನಮ್ಮ ಅಜ್ಜ ಗುರ್ಕಾರರಾಗಿದ್ದವರು, ಅಂದರೆ ಊರಿನ ಕ್ರೈಸ್ತ ಮನೆಗಳ ಹಿರಿಯರು. ಯಾರ ಮನೆಯಲ್ಲಿ ಸಾವು, ಯಾರ ಮನೆಯಲ್ಲಿ ಮದುವೆ, ಯಾರಿಗೆ ಯಾರ ಮೇಲೆ ಮುನಿಸು, ಎಲ್ಲಾ ಅವರ ಬಾಯಲ್ಲೇ ಇರುತ್ತಿತ್ತು. ರಾತ್ರಿ ಯಾರಾದರೂ ಸಾಯುವ ಸ್ಥಿತಿಯಲ್ಲಿದ್ದರೆ ದೊಂದಿ ಹಿಡಿದು ಗುರುಗಳನ್ನು ಕರೆತರುತ್ತಿದ್ದವರೂ ಅವರೇ. ಯಾವ ವಿಧಿಯಲ್ಲೂ ಗುರ್ಕಾರರ ಹೆಸರಿಲ್ಲ. ಅವರು ನೋಡಿಕೊಳ್ಳುತ್ತಿದ್ದಂಥ ಮನೆಗಳ ಗುಂಪನ್ನೇ ಈಗ ನಾವು ವಾರ್ಡು ಅನ್ನುತ್ತೇವೆ, ಕಿರು ಕ್ರೈಸ್ತ ಸಮುದಾಯ ಅನ್ನುತ್ತೇವೆ.

ನಡುವೆ ಒಂದು ಅಡ್ಡಮಾತು. ನಿಮ್ಮಲ್ಲಿ ಶೆಟ್ಟಿಹಳ್ಳಿ ಚರ್ಚು ನೋಡದವರು ಯಾರೂ ಇರಲಿಕ್ಕಿಲ್ಲ. ಹಾಸನದಿಂದ ಹತ್ತಿರವೇ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಊರು ಮುಳುಗಡೆಯಾಯಿತು, ಜನ ಬೇರೆ ಕಡೆ ಹೋದರು. ಚರ್ಚು ಮಳೆಗಾಲದಲ್ಲಿ ನೀರಿನಲ್ಲಿ, ಬೇಸಿಗೆಯಲ್ಲಿ ಮತ್ತೆ ಹೊರಗೆ. ಈಗ ಅಲ್ಲಿ ಮದುವೆಗೆ ಮುಂಚಿನ ಫೋಟೋ ತೆಗೆಸುವವರದ್ದೇ ಗಲಾಟೆ. ನಾನು ಅಲ್ಲಿಗೆ ಹೋದಾಗಲೆಲ್ಲ 515ನೇ ವಿಧಿ ನೆನಪಾಗುತ್ತದೆ. ಧರ್ಮಕೇಂದ್ರ ಅಂದರೆ ಏನು ಅಂತ ಹೇಳುವಾಗ ಅದು ಕಟ್ಟಡದಿಂದ ಶುರು ಮಾಡುವುದಿಲ್ಲ, ವಿಶ್ವಾಸಿಗಳ ಒಂದು ಸಮುದಾಯ ಅನ್ನುತ್ತದೆ. ಗೋಡೆ ಅಲ್ಲೇ ನಿಂತಿದೆ, ಧರ್ಮಕೇಂದ್ರ ಪಾತ್ರೆಪಗಡಿ ಹೊತ್ತುಕೊಂಡು ನಡೆದುಹೋಯಿತು.

ಇದನ್ನು ಹೇಳಿದ್ದಕ್ಕೆ ಕಾರಣ ಇದೆ. ಒಂದು ಸಲ ನಾನು ನಮ್ಮ ಸಮಿತಿಯ ಹಳೆಯ ಮಿನಿಟ್ಸ್ ಪುಸ್ತಕ ಹಿಡಿದುಕೊಂಡು ಕೂತೆ. ಶಾಮಿಯಾನ ಇಲ್ಲದ ಪುಟವೇ ಇಲ್ಲ. ಹಬ್ಬದ ಶಾಮಿಯಾನ, ತೇರಿನ ಅಲಂಕಾರ, ಮೈಕು, ಚರ್ಚ್ ಹಾಲಿನ ಚಾವಣಿ ಶೀಟು, ಕಾಂಪೌಂಡಿನ ಬಣ್ಣ. ಎರಡು ಗಂಟೆ ಸಭೆಯಲ್ಲಿ ಒಂದೂ ಮುಕ್ಕಾಲು ಗಂಟೆ ಸುಣ್ಣ ಬಣ್ಣ. ಹಾಸಿಗೆ ಹಿಡಿದವರು, ಕುಡಿದು ಮನೆ ಹಾಳು ಮಾಡಿಕೊಂಡವರು, ಬೆಂಗಳೂರಿಗೆ ಹೋಗಿ ಕಾಣೆಯಾದ ಹುಡುಗರು, ಇವರ ಸುದ್ದಿ ಹುಡುಕಿದರೂ ಸಿಗಲಿಲ್ಲ.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ದುಡ್ಡಿಗೆ ಬೇರೆ ಸಮಿತಿ ಇದೆ. 537ನೇ ವಿಧಿಯ ಹಣಕಾಸು ಸಮಿತಿ. ಅದು ಬಿಷಪರ ಇಷ್ಟಕ್ಕೆ ಬಿಟ್ಟದ್ದಲ್ಲ, ಪ್ರತಿ ಧರ್ಮಕೇಂದ್ರದಲ್ಲೂ ಇರಲೇಬೇಕು. ಆಸ್ತಿಪಾಸ್ತಿ ನೋಡಿಕೊಳ್ಳುವುದರಲ್ಲಿ ಫಾದರಿಗೆ ನೆರವಾಗುವುದು ಅದರ ಕೆಲಸ. ಪಾಲನಾ ಸಮಿತಿ ಇರುವುದು ಜನರ ಪಾಲನೆಗೆ. ಎರಡನ್ನೂ ಕಲಸಿದರೆ ಪ್ರತಿ ಸಲವೂ ದುಡ್ಡೇ ಗೆಲ್ಲುತ್ತದೆ, ಯಾಕಂದ್ರೆ ಸಿಮೆಂಟಿನ ರೇಟು ಮಾತಾಡುವುದು ಸುಲಭ, ಪಕ್ಕದ ಮನೆಯ ಕುಡಿತದ ಬಗ್ಗೆ ಮಾತಾಡುವುದು ಕಷ್ಟ.

ಹಾಗಂತ ಲೆಕ್ಕ ಕೇಳಬಾರದು ಅಂತಲ್ಲ. ಜನ ಕೊಟ್ಟ ಕಾಣಿಕೆಯ ಲೆಕ್ಕವನ್ನು ಜನರಿಗೆ ಒಪ್ಪಿಸಬೇಕು ಅಂತ 1287ನೇ ವಿಧಿಯೇ ಹೇಳುತ್ತದೆ. ನಾವು ಒಂದು ವರ್ಷ ಹಬ್ಬದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿದೆವು. ಒಬ್ಬ ಅಜ್ಜ ಕನ್ನಡಕ ಏರಿಸಿ ಇಳಿಸಿ ಪೂರ್ತಿ ಓದಿ, ‘ಎಲ್ಲಾ ಸರಿ, ಮೇಣದಬತ್ತಿ ಡಬ್ಬಿ ದುಡ್ಡು ಎಲ್ಲಿ?’ ಅಂದರು. ನಮಗೆಲ್ಲ ಬೆವರು. ಹುಡುಕಿದಾಗ ಸಿಕ್ಕಿತು. ಚರ್ಚು ಗುಡಿಸಿ ಗಂಟೆ ಬಾರಿಸುವ ಹುಡುಗನಿಗೆ ಎಷ್ಟೋ ವರ್ಷದಿಂದ ಆ ಡಬ್ಬಿಯಿಂದಲೇ ತಿಂಗಳು ತಿಂಗಳು ಎತ್ತಿ ಕೊಡುತ್ತಿದ್ದರು. ಯಾರೂ ಕದ್ದಿರಲಿಲ್ಲ, ಯಾರೂ ಬರೆದೂ ಇರಲಿಲ್ಲ. ಮುಂದಿನ ತಿಂಗಳಿನಿಂದ ಅವನಿಗೆ ಸಂಬಳ ಅಂತ ಹೆಸರಾಯಿತು, ಸ್ವಲ್ಪ ಜಾಸ್ತಿಯೂ ಆಯಿತು.

ನನ್ನ ತಪ್ಪೊಂದನ್ನೂ ಹೇಳಿಬಿಡುತ್ತೇನೆ. ಸಮಿತಿಯಲ್ಲಿ ಒಂದು ಮನೆಯ ಮಗಳ ಕಾಲೇಜು ಫೀಸಿಗೆ ಸಹಾಯ ಮಾಡುವ ಮಾತಾಯಿತು. ಒಪ್ಪಿದೆವು, ಕೊಟ್ಟೆವು. ನಾನು ಶಿಸ್ತಿನ ಟೀಚರ್ ಅಲ್ವಾ, ಮನೆಯ ಹೆಸರು, ಹುಡುಗಿಯ ಹೆಸರು, ಮೊತ್ತ ಎಲ್ಲಾ ಅಚ್ಚುಕಟ್ಟಾಗಿ ಬರೆದೆ. ಮುಂದಿನ ಸಭೆಯಲ್ಲಿ ರೂಢಿಯಂತೆ ಹಿಂದಿನ ಮಿನಿಟ್ಸ್ ಗಟ್ಟಿಯಾಗಿ ಓದಿದೆ. ಹೊಸದಾಗಿ ಸೇರಿದ್ದ ಒಬ್ಬ ಸದಸ್ಯರು ಆ ಮನೆಯವರ ನೆಂಟರು. ಸಾಯಂಕಾಲದೊಳಗೆ ಊರಿಗೇ ಗೊತ್ತಾಯಿತು. ಆ ತಾಯಿ ನಮ್ಮ ಚರ್ಚಿಗೆ ಬರುವುದನ್ನೇ ಬಿಟ್ಟು ಪಕ್ಕದ ಊರಿನ ಪೂಜೆಗೆ ಹೋಗತೊಡಗಿದರು. ನಾನು ಅವರ ಮನೆಗೆ ಹೋದೆ. ಕಾಫಿ ಕೊಟ್ಟರು, ಮಳೆ ವಿಷಯ ಮಾತಾಡಿದರು, ಬೇರೇನೂ ಹೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಈಗ ನಾವು ಮಿನಿಟ್ಸ್‌ನಲ್ಲಿ ‘ಒಂದು ಮನೆಗೆ ಸಹಾಯ’ ಅಂತಷ್ಟೇ ಬರೆಯುತ್ತೇವೆ, ವಿವರ ಫಾದರ್ ಹತ್ತಿರ ಇರುತ್ತದೆ. ಆ ತಾಯಿ ಎರಡು ವರ್ಷ ಆದ ಮೇಲೆ ಒಂದು ಕ್ರಿಸ್ಮಸ್ಸಿಗೆ ಬಂದರು, ಹಿಂದಿನ ಬೆಂಚಿನಲ್ಲಿ ಕೂತು ಹೋದರು.

ಇಷ್ಟಾದರೂ ಮಿನಿಟ್ಸ್ ಬರೆಯಿರಿ. ಫಾದರುಗಳಿಗೆ ವರ್ಗಾವಣೆ ಇರುತ್ತದೆ, ನಮಗಿಲ್ಲ. ಹೊಸಬರು ಬಂದಾಗ ಸ್ಮಶಾನದ ಬೇಲಿ ತಕರಾರು ಎಲ್ಲಿಗೆ ನಿಂತಿದೆ, ಯಾವ ಲೈನಿಗೆ ಯಾಕೆ ಶನಿವಾರ ಪೂಜೆ, ಇದನ್ನೆಲ್ಲ ಯಾರು ಹೇಳಬೇಕು? ಬಾಯಲ್ಲಿ ಹೇಳಿದರೆ ನಾಲ್ಕು ಜನ ನಾಲ್ಕು ತರ ಹೇಳುತ್ತೇವೆ. ಒಬ್ಬ ಹೊಸ ಫಾದರ್ ಬಂದ ರಾತ್ರಿಯೇ ಪುಸ್ತಕ ಕೇಳಿ ತೆಗೆದುಕೊಂಡು ಹೋದರು, ಮೂರು ದಿನ ಓದಿ ವಾಪಸ್ ಕೊಡುವಾಗ, ‘ಟೀಚರ್, ಶಾಮಿಯಾನ ಜಾಸ್ತಿ ಆಯ್ತು’ ಅಂದರು.

ಸಲಹೆ ಕೇಳದ ಫಾದರ್ ಇರುವುದಿಲ್ಲವೇ ಅಂದರೆ, ಇರುತ್ತಾರೆ. ಕೇಳಿದ ಹಾಗೆ ಮಾಡುವವರೂ ಇರುತ್ತಾರೆ. ಫಾದರ್ ಕೆಮ್ಮಿದರೂ ತಲೆ ಆಡಿಸುವ ಸದಸ್ಯರೂ ಅಷ್ಟೇ ಜನ ಇರುತ್ತಾರೆ, ಅದನ್ನೂ ಹೇಳಬೇಕಲ್ಲ. 212ನೇ ವಿಧಿ ಓದಿಕೊಳ್ಳಿ. ಧರ್ಮಸಭೆಯ ಒಳಿತಿನ ಬಗ್ಗೆ ತಮ್ಮ ಅಭಿಪ್ರಾಯವನ್ನು ಗುರುಗಳಿಗೆ ತಿಳಿಸುವುದು ವಿಶ್ವಾಸಿಗಳ ಹಕ್ಕು, ಕೆಲವು ಸಲ ಕರ್ತವ್ಯವೂ ಹೌದು ಅನ್ನುತ್ತದೆ. ಗೌರವದಿಂದ ಅನ್ನುವ ಮಾತೂ ಅದರಲ್ಲೇ ಇದೆ, ಅದನ್ನು ಹಾರಿಸಿ ಓದಬೇಡಿ.

ಗಾಳಿ ಬೀಸುತ್ತಿರುವುದು ಈ ಕಡೆಗೇ. ಪೋಪ್ ಫ್ರಾನ್ಸಿಸ್ ಕರೆದ ಸಿನೋಡು, ಅಂದರೆ ಇಡೀ ಧರ್ಮಸಭೆಯ ಸಮಾಲೋಚನೆ, 2021ರಲ್ಲಿ ಊರೂರಿನ ಮಟ್ಟದಲ್ಲಿ ಶುರುವಾಗಿ 2024ರ ಅಕ್ಟೋಬರಿನಲ್ಲಿ ಮುಗಿಯಿತು. ಅಕ್ಟೋಬರ್ 26ರ ಕೊನೆಯ ದಾಖಲೆ, ಇಂಥ ಸಮಿತಿಗಳು ಕಡ್ಡಾಯವಾಗಲಿ, ಹೆಸರಿಗಷ್ಟೇ ಇರಬಾರದು ಅಂತ ಒತ್ತಿ ಹೇಳುತ್ತದೆ.

ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬರು, ‘ಫಾದರ್ ಸಭೆಯನ್ನೇ ಕರೆಯದಿದ್ದರೆ ನಾವೇ ಸೇರಿ ತೀರ್ಮಾನ ಮಾಡಬಹುದಾ?’ ಅಂತ ಕೇಳಿದರು. ಆಗುವುದಿಲ್ಲ. 1997ರಲ್ಲಿ ರೋಮಿನಿಂದ ಬಂದ ಸೂಚನೆಯಲ್ಲಿ ಸ್ಪಷ್ಟವಾಗಿದೆ, ಧರ್ಮಗುರು ಅಧ್ಯಕ್ಷತೆ ವಹಿಸದ, ಅಥವಾ ಅವರ ಇಷ್ಟಕ್ಕೆ ವಿರುದ್ಧವಾಗಿ ಸೇರಿದ ಸಮಿತಿಯ ತೀರ್ಮಾನಕ್ಕೆ ಬೆಲೆ ಇಲ್ಲ. ಗುಂಪು ಕಟ್ಟಿಕೊಂಡು ಹೋಗಬೇಡಿ, ಒಂದು ಕಾಗದ ಬರೆಯಿರಿ. ಸಭೆ ಕರೆಯಿರಿ, ಮಾತಾಡಬೇಕಾದ ವಿಷಯ ಇಂತಿಂಥವು, ಅಂತ. ಮೂರು ವಿಷಯ ಸಾಕು. ನಕಲು ಇಟ್ಟುಕೊಳ್ಳಿ. ಉತ್ತರ ಬರದಿದ್ದರೆ ಇನ್ನೊಮ್ಮೆ ಬರೆಯಿರಿ. ಆಮೇಲೂ ಆಗದಿದ್ದರೆ ಬಿಷಪರ ಕಚೇರಿಗೆ ಅದೇ ನಕಲು ಜೊತೆ ಹೋಗಿ. ಮೂರು ವಿಷಯದಲ್ಲಿ ಒಂದಾದರೂ ಶಾಮಿಯಾನ ಆಗದಿರಲಿ.

ಎರಡನೆಯವರು ಬೆಳಿಗ್ಗೆ ಟೀ ಹೊತ್ತಿನಲ್ಲಿ ಸಿಕ್ಕವರೇ. ‘ಸರಿ ಟೀಚರ್, ಮೊದಲ ಸಭೆಗೆ ನಾನು ಏನು ತರಲಿ?’ ಅಂದರು. ಈಸ್ಟರ್ ಆದ ಮೇಲೆ ನಿಮ್ಮ ವಾರ್ಡಿನಲ್ಲಿ ಚರ್ಚಿನ ಕಡೆ ಕಾಣದ ಮನೆ ಎಷ್ಟು ಅಂತ ಕೇಳಿದೆ. ಬೆರಳು ಮಡಚುತ್ತಾ ನಾಲ್ಕು ಅಂದರು, ಆಮೇಲೆ ಅಲ್ಲ ಐದು ಅಂದರು. ಹಾಗಾದರೆ ಹೋಗಿ ಕೇಳಿಕೊಂಡು ಬನ್ನಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

‘ನಾಲ್ಕು ಮನೆಗೆ ಹೋಗ್ತೀನಿ. ಐದನೇದಕ್ಕೆ ಆಗಲ್ಲ. ಬೇಲಿ ವಿಷಯಕ್ಕೆ ಮಾತು ಬಿಟ್ಟು ಆರು ವರ್ಷ ಆಯ್ತು.’

‘ಯಾರ ಬೇಲಿ?’

‘ನಂದೇ.’

ಇಡೀ ಹಾಲು ನಕ್ಕಿತು, ಅವರೂ ನಕ್ಕರು. ಅವರ ಹೆಂಡತಿ ಎರಡು ಸಾಲು ಹಿಂದೆ ಕೂತಿದ್ದರು. ‘ನಾನು ಹೋಗಿಬರ್ತೀನಿ ಬಿಡಿ ಟೀಚರ್, ನನ್ನ ಜೊತೆ ಮಾತಾಡ್ತಾರೆ’ ಅಂದರು.